ಮಗಳ ವಿಜ್ಞಾನ ಮೇಳವೂ ನನ್ನ ಕೈಗುಣವೂ

ಸೋದರಿಯರೇ, ಕಳೆದ ಸಂಚಿಕೆಯಲ್ಲಿ ನೆಲ್ಲಿಕಾಯಿ ಉಪ್ಪಿನಕಾಯಿ ಬೂಸಲು ಹಿಡಿಯದಂತೆ ಇಡುವುದು ಹೇಗೆ ಎಂದು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳ ನಡುವೆ ಉಪ್ಪಿನಕಾಯಿಯ ಸುದ್ದಿಯೇ ಇಲ್ಲದ ಒಂದು ಕಾಗದವಿತ್ತು. ಬರೆದವರು ಗಂಗಾವತಿ ಕಡೆಯ ಒಬ್ಬ ತಾಯಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಅವರ ಮಗಳು ಎಂಟನೇ ತರಗತಿ. ಶಾಲೆಯಿಂದ ಜಿಲ್ಲಾ ವಿಜ್ಞಾನ ಮೇಳಕ್ಕೆ ಆರಿಸಿದ್ದಾರೆ. ಹುಡುಗಿ ಮಣ್ಣಿನ ಮಡಕೆ, ಸ್ಟೀಲ್ ಕೊಡ, ಪ್ಲಾಸ್ಟಿಕ್ ಬಿಂದಿಗೆ ಮೂರನ್ನೂ ಇಟ್ಟುಕೊಂಡು ಯಾವುದರಲ್ಲಿ ನೀರು ಎಷ್ಟು ತಣ್ಣಗಾಗುತ್ತದೆ ಎಂದು ಅಳೆಯುತ್ತಿದ್ದಾಳಂತೆ. ಆದರೆ ಪಕ್ಕದ ಮನೆಯ ಹುಡುಗ ಅಂಗಡಿಯಿಂದ ಸಾವಿರಾರು ರೂಪಾಯಿ ಕೊಟ್ಟು ಮಿಣಮಿಣ ದೀಪ ಹೊತ್ತಿಕೊಂಡು ಓಡಾಡುವ ಯಂತ್ರವೊಂದನ್ನು ತಂದಿದ್ದಾನೆ. 'ನಮ್ಮ ಹುಡುಗಿ ಮಡಕೆ ಹೊತ್ತುಕೊಂಡು ಹೋದರೆ ನಾಲ್ಕು ಜನ ನಗುವುದಿಲ್ಲವೇ? ಚೀಟಿ ದುಡ್ಡಿನಲ್ಲಿ ನಾನೂ ಒಂದು ಒಳ್ಳೆಯ ಮಾದರಿ ತಂದುಕೊಡಲೇ? ಅವಳು ಬರೆದ ಅಂಕಿಗಳೂ ಅಷ್ಟು ಚೆನ್ನಾಗಿ ಬಂದಿಲ್ಲ. ಫೋನಿನಲ್ಲಿ ನೋಡಿ ನಾನೇ ಸರಿಮಾಡಿ ಬರೆದುಕೊಡಲೇ?' ಎಂದು ಕೇಳಿದ್ದಾರೆ. ಕೊನೆಯಲ್ಲಿ, ಚಳಿಗಾಲದಲ್ಲಿ ಇಡ್ಲಿ ಹಿಟ್ಟಿಗೆ ಉಪ್ಪು ಯಾವಾಗ ಹಾಕಬೇಕು ಎಂಬ ಪ್ರಶ್ನೆಯೂ ಇದೆ.

ಉಪ್ಪಿನ ವಿಷಯ ಆಮೇಲೆ. ಅಂಕಿಗಳನ್ನು ನಾನೇ ಸರಿಮಾಡಲೇ ಎಂದು ಕೇಳಿದಿರಲ್ಲ, ಅದನ್ನು ಓದಿ ನನ್ನ ಎದೆ ಒಂದು ಸಲ ಧಸಕ್ಕೆಂದಿತು. ಯಾಕೆಂದರೆ ಆ ಕೆಲಸವನ್ನು ನಾನು ಮಾಡಿದ್ದೇನೆ. ಅದೂ ಮಗಳಿಗೆ ಹೇಳದೆ, ರಾತ್ರಿ ಕಳ್ಳಿಯ ಹಾಗೆ ಎದ್ದು. ಇಷ್ಟು ವರ್ಷ ಈ ಪುಟದಲ್ಲಿ ಏನೇನೋ ಬರೆದಿದ್ದೇನೆ, ಇದನ್ನು ಮಾತ್ರ ಬರೆದಿರಲಿಲ್ಲ. ಇವತ್ತು ಹೇಳಿಬಿಡುತ್ತೇನೆ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆ. ಅಲ್ಲಿ ಇಡ್ಲಿ ಹಿಟ್ಟು ಉಬ್ಬಿಸುವುದು ಒಂದು ವಿದ್ಯೆ ಎಂದು ಯಾರೂ ತಿಳಿದಿರಲಿಲ್ಲ. ರಾತ್ರಿ ರುಬ್ಬಿ ಮುಚ್ಚಿಟ್ಟರೆ ಬೆಳಿಗ್ಗೆ ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿರುತ್ತಿತ್ತು. 1970ರಲ್ಲಿ ಮದುವೆಯಾಗಿ ಸಕಲೇಶಪುರಕ್ಕೆ ಬಂದೆ. ಮಳೆ, ಮಂಜು, ಚಳಿ. ಬಂದ ಮೊದಲ ಚಳಿಗಾಲದಲ್ಲೇ ನಾನು ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಇಟ್ಟ ಹಾಗೇ ಕೂತಿತ್ತು. ಇಡ್ಲಿ ಕಲ್ಲು. ನಮ್ಮತ್ತೆ ಒಂದು ಚೂರು ಮುರಿದು ನೋಡಿ, 'ಕೈಗುಣ ಇಲ್ಲ ಕಣೇ ನಿಂಗೆ. ತಣ್ಣನೆ ಕೈ' ಅಂದರು. ಅವರು ಕೆಟ್ಟವರಲ್ಲ, ಬೈಯಲೂ ಇಲ್ಲ. ಆದರೆ ಆ ಮಾತು ಮನೆಯಲ್ಲಿ ಹಾಗೇ ಉಳಿದುಬಿಟ್ಟಿತು. ನಾದಿನಿಯರು ಬಂದಾಗ, ನೆಂಟರು ಕೂತಾಗ, 'ಹಿಟ್ಟು ಅಮ್ಮನೇ ಕಲಸಲಿ, ಅತ್ತಿಗೆ ಕೈಗುಣ ಗೊತ್ತಲ್ಲ' ಅಂತ ಒಂದು ನಗು. ಹದಿನಾರು ವರ್ಷ ಆ ನಗುವನ್ನು ನಾನೂ ನಕ್ಕೆ. ಒಳಗೆ ಹೇಗಿರುತ್ತದೆ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1986ರ ಚಳಿಗಾಲ. ಮಗಳು ಆಗ ಒಂಬತ್ತನೇ ತರಗತಿ. ವಿಜ್ಞಾನದ ಮೇಷ್ಟ್ರು ಒಂದು ದಿನ ಹೇಳಿ ಕಳಿಸಿದರು: ಹಾಸನದಲ್ಲಿ ಜಿಲ್ಲಾ ವಿಜ್ಞಾನ ವಸ್ತುಪ್ರದರ್ಶನ ಇದೆ, ಶಾಲೆಯಿಂದ ಇಬ್ಬರು ಹೋಗಬೇಕು, ನಿಮ್ಮ ಹುಡುಗಿ ಒಬ್ಬಳು. ಆ ಕಾಲದಲ್ಲಿ ಈ ಪ್ರದರ್ಶನಗಳ ಭರಾಟೆಯೇ ಬೇರೆ. ದೆಹಲಿಯಲ್ಲಿ 1971ರಲ್ಲಿ ಎನ್‌ಸಿಇಆರ್‌ಟಿಯವರು ಮಕ್ಕಳ ರಾಷ್ಟ್ರೀಯ ವಿಜ್ಞಾನ ಪ್ರದರ್ಶನ ಶುರುಮಾಡಿದ್ದರು. 1988ರಲ್ಲಿ ಅದಕ್ಕೆ ನೆಹರೂ ಅವರ ಹೆಸರನ್ನೂ ಇಟ್ಟರು. ಅಲ್ಲಿಂದ ಇಳಿದು ರಾಜ್ಯ, ಜಿಲ್ಲೆ ಅಂತ ಎಲ್ಲ ಕಡೆ ಥರ್ಮೋಕೋಲು, ಬಣ್ಣದ ಕಾಗದ, ಸಣ್ಣ ಬಲ್ಬುಗಳ ಸಂಭ್ರಮ.

ನಮ್ಮ ಮೇಷ್ಟ್ರ ರೀತಿಯೇ ಬೇರೆ. 'ದುಡ್ಡು ಖರ್ಚು ಮಾಡಬೇಡ. ನಿಮ್ಮನೇಲಿ ದಿನಾ ನಡೆಯೋ, ಆದರೆ ಯಾರೂ ಯಾಕೆ ಅಂತ ಕೇಳದೇ ಇರೋ ಒಂದು ವಿಷಯ ಹುಡುಕು. ನೋಡಿದ್ದನ್ನು ನೋಡಿದ ಹಾಗೆ ಬರಿ. ಒಂದು ಸಲ ಬರೆದದ್ದನ್ನು ಅಳಿಸಬಾರದು' ಅಂದಿದ್ದರಂತೆ.

ಮಾರನೆಯ ದಿನ ಬೆಳಿಗ್ಗೆ ತಿಂಡಿಗೆ ಕೂತವಳು ನನ್ನ ಕಲ್ಲಿಡ್ಲಿಯನ್ನು ಬೆರಳಿನಿಂದ ಒತ್ತುತ್ತಾ ಕೇಳಿದಳು. 'ಅಮ್ಮಾ, ಹಿಟ್ಟು ಯಾಕೆ ಉಬ್ಬುತ್ತೆ?'

'ಹುಳಿ ಬಂದ್ರೆ ಉಬ್ಬುತ್ತೆ.'

'ಹುಳಿ ಯಾಕೆ ಬರುತ್ತೆ?'

'ರಾತ್ರಿಯಿಡೀ ಇಟ್ರೆ ಬರುತ್ತೆ.'

'ನೀನು ಇಟ್ರೆ ಯಾಕೆ ಬರಲ್ಲ?'

ಅತ್ತೆ ಒಳಗಿನಿಂದಲೇ, 'ಕೈಗುಣ' ಅಂದರು.

ಆಯಿತು, ಹುಡುಗಿಗೆ ವಿಷಯ ಸಿಕ್ಕಿತು.

ನೆಂಟರಿಗೆಂದು ಎತ್ತಿಟ್ಟಿದ್ದ ಆರು ಗಾಜಿನ ಲೋಟಗಳು ಕಪಾಟಿನಿಂದ ಇಳಿದವು. ನನ್ನ ಮದುವೆಯ ಉಡುಗೊರೆ, ಒಂದೇ ಅಳತೆಯವು. ಒಂದೊಂದಕ್ಕೂ ಗ್ರಾಫ್ ಕಾಗದದ ಪಟ್ಟಿ ಅಂಟಿಸಿದಳು. ಎರಡು ಪಾಲು ಅಕ್ಕಿ, ಒಂದು ಪಾಲು ಉದ್ದಿನಬೇಳೆ, ನಾನೇ ರುಬ್ಬಿಕೊಟ್ಟೆ. ಎಲ್ಲದಕ್ಕೂ ಸರಿಯಾಗಿ 5 ಸೆಂಟಿಮೀಟರ್ ಎತ್ತರಕ್ಕೆ ಹಿಟ್ಟು. ಒಂದು ಲೋಟ ಸೌದೆ ಒಲೆಯ ಕಟ್ಟೆಯ ಮೇಲೆ. ರಾತ್ರಿ ಬೂದಿ ಮುಚ್ಚಿದ ಕೆಂಡ ಬೆಳಗಿನವರೆಗೂ ಅಲ್ಲಿ ಬೆಚ್ಚಗೆ ಇಡುತ್ತಿತ್ತು. ಒಂದು ಅಕ್ಕಿ ಡಬ್ಬದೊಳಗೆ. ಒಂದು ನಡುಮನೆಯ ಕಿಟಕಿಯಲ್ಲಿ. ಇನ್ನೊಂದರಲ್ಲಿ ಬೇಳೆ ಇಲ್ಲದ ಬರೀ ಅಕ್ಕಿ ಹಿಟ್ಟು, ಅದೂ ಒಲೆಯ ಕಟ್ಟೆಯಲ್ಲೇ. ಉಳಿದ ಎರಡು ಲೋಟಗಳ ಮೇಲೆ ಅವಳು ಚೀಟಿ ಅಂಟಿಸಿದ್ದು ನೋಡಿ ನನಗೆ ಕೈಕಾಲೇ ಆಡಲಿಲ್ಲ. 'ಅಜ್ಜಿ ಕೈ', 'ಅಮ್ಮನ ಕೈ'. ಅಜ್ಜಿ ಕಲಸಿದ್ದು ಒಂದು, ನಾನು ಕಲಸಿದ್ದು ಒಂದು, ಎರಡೂ ಉಗ್ರಾಣದ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ. ಶಾಲೆಯಿಂದ ತಂದ ಥರ್ಮಾಮೀಟರನ್ನು ರಾತ್ರಿ ಒಂಬತ್ತಕ್ಕೆ, ಬೆಳಿಗ್ಗೆ ಆರಕ್ಕೆ ಎಲ್ಲ ಕಡೆಗೂ ಹಿಡಿದುಕೊಂಡು ಓಡಾಡುತ್ತಿದ್ದಳು. ಹೀಗೆ ಮೂರು ರಾತ್ರಿ.

'ಉದ್ದಿನಬೇಳೆ ಏನು ಮರದಲ್ಲಿ ಬಿಡುತ್ತಾ?' ಎಂದು ಅತ್ತೆ ಗೊಣಗಿದರು, ಆದರೆ ಕಲಸಲು ಮಾತ್ರ ಎಲ್ಲರಿಗಿಂತ ಮುಂಚೆ ಸೆರಗು ಸಿಕ್ಕಿಸಿ ಬಂದರು. ಬೆಳಿಗ್ಗೆ ಎಲ್ಲ ಲೋಟದ್ದೂ ಸೇರಿಸಿ ದೋಸೆ ಹೊಯ್ಯುತ್ತಿದ್ದೆ, ಒಂದು ಚಮಚವೂ ಹಾಳಾಗಲಿಲ್ಲ ಎನ್ನಿ.

ಆ ನೋಟ್‌ಬುಕ್ಕು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ, ನೋಡಿಕೊಂಡೇ ಬರೆಯುತ್ತಿದ್ದೇನೆ. ಮೊದಲನೆಯ ಬೆಳಿಗ್ಗೆ ಒಲೆಯ ಬಳಿಯ ಲೋಟ, 29 ಡಿಗ್ರಿ, ಹಿಟ್ಟು 5ರಿಂದ 9.5 ಸೆಂಟಿಮೀಟರಿಗೆ ಏರಿದೆ. ಅಕ್ಕಿ ಡಬ್ಬ, 23 ಡಿಗ್ರಿ, 7.5. ಕಿಟಕಿ, 16 ಡಿಗ್ರಿ, 5.5. ಒಲೆಯ ಬಳಿಯೇ ಇದ್ದರೂ ಬರೀ ಅಕ್ಕಿಯದು 5.5. ಉಗ್ರಾಣ 19 ಡಿಗ್ರಿ: ಅಜ್ಜಿ ಕೈ 6.4, ಅಮ್ಮನ ಕೈ 6.2.

ಎರಡು ಮಿಲಿಮೀಟರ್! ಒಂದು ಸಾಸಿವೆ ಕಾಳಿನಷ್ಟು ವ್ಯತ್ಯಾಸ. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, 'ನಾನು ಹೇಳಿರಲಿಲ್ವಾ?' ಅಂದರು.

ಎರಡನೆಯ ಬೆಳಿಗ್ಗೆ ಅಜ್ಜಿ ಕೈ 6.2, ಅಮ್ಮನ ಕೈ 6.3. 'ಲೋಟ ವಾರೆ ಇಟ್ಟಿದ್ದೀಯ' ಅಂದರು ಅತ್ತೆ.

ಆ ಸಂಜೆ ಇಬ್ಬರು ನಾದಿನಿಯರೂ ಬಂದಿಳಿದರು. ಊಟಕ್ಕೆ ಕೂತಾಗ ಇದೇ ಮಾತು, ನಾಳೆ ಬೆಳಿಗ್ಗೆ ತೀರ್ಪು ಅಂತ ಒಬ್ಬರು, ಪಂದ್ಯ ಕಟ್ಟೋಣ ಅಂತ ಇನ್ನೊಬ್ಬರು. ನಾನೂ ಬಡಿಸುತ್ತಾ ನಕ್ಕೆ. ಹತ್ತೂವರೆಗೆ ಎಲ್ಲರೂ ಮಲಗಿದ ಮೇಲೆ ನೀರು ಕುಡಿಯಲೆಂದು ಎದ್ದವಳು ಉಗ್ರಾಣಕ್ಕೆ ಹೋದೆ. 'ಅಮ್ಮನ ಕೈ' ಲೋಟವನ್ನು ಎತ್ತಿ ತಂದು ಒಲೆಯ ಕಟ್ಟೆಯ ಮೇಲಿಟ್ಟೆ. ಯೋಚನೆ ಮಾಡಿದೆನೇ? ಇಲ್ಲ. ಮಾಡಿದ್ದರೆ ಮಾಡುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೆ, ಹುಡುಗಿ ಏಳುವ ಮುಂಚೆ, ಮತ್ತೆ ಹಲಗೆಯ ಮೇಲೆ ಅದೇ ಜಾಗದಲ್ಲಿ ಇಟ್ಟೆ.

ಅಜ್ಜಿ ಕೈ 6.3. ಅಮ್ಮನ ಕೈ 8.4.

ನಾದಿನಿಯರು ಹೋ ಎಂದರು. ಅತ್ತೆ ಏನೂ ಅನ್ನಲಿಲ್ಲ, ಸುಮ್ಮನೆ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಆದ ಸಂತೋಷವನ್ನು ಮುಚ್ಚಿಡುವುದು ಯಾಕೆ? ಮಧ್ಯಾಹ್ನದವರೆಗೂ ನೆಲದ ಮೇಲೆ ಕಾಲಿರಲಿಲ್ಲ. ಮಗಳು ಮಾತ್ರ ಎರಡು ಸಲ, ಮೂರು ಸಲ ಅಳೆದಳು. ಲೋಟದ ತಳ ಮುಟ್ಟಿ ನೋಡಿದಳು. 'ಅಮ್ಮಾ, ಇದು ಯಾಕೆ ಹೀಗೆ?' ಅಂದಳು. 'ಕೈಗುಣ ಬಂದಿರಬೇಕು ಕಣೇ' ಅಂದೆ. ಅವಳು ನಗಲಿಲ್ಲ.

ಇನ್ನೊಂದು ರಾತ್ರಿ ಇಟ್ಟು ನೋಡುತ್ತೇನೆ ಎಂದು ಹಟ ಹಿಡಿದಳು. ಡಬ್ಬದಲ್ಲಿ ಬೇಳೆ ಮುಗಿದಿತ್ತು, ನಾಳೆ ಬೆಳಿಗ್ಗೆಯೇ ಹಾಸನಕ್ಕೆ ಹೊರಡಬೇಕು. ನಮ್ಮ ಮನೆಯವರು ಅವಳ ಪಕ್ಕ ಕೂತು, 'ಆ ಒಂದು ಅಂಕಿ ಬಿಟ್ಟುಬಿಡು ಪುಟ್ಟಿ. ಎರಡು ದಿನದ್ದೇ ಹಾಕು, ಯಾರಿಗೆ ಗೊತ್ತಾಗುತ್ತೆ?' ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. 'ಮೇಷ್ಟ್ರು ಅಳಿಸಬಾರದು ಅಂದಿದಾರೆ' ಎಂದು ಹುಡುಗಿ 8.4 ಅಂತ ಚಾರ್ಟಿನ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ನಾನು ಅಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದೆ. ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಬಿದಿರು ಬುಟ್ಟಿಯಲ್ಲಿ ಒಣಹುಲ್ಲು ಹಾಸಿ ಲೋಟಗಳನ್ನು ಜೋಡಿಸಿಕೊಂಡು ಬಸ್ಸು ಹತ್ತಿದೆವು, ಮೇಷ್ಟ್ರು, ಹುಡುಗಿ, ನಾನು. ಹಾಸನ ಮುಟ್ಟುವಷ್ಟರಲ್ಲಿ ಕಿಟಕಿಯ ಲೋಟ ಒಡೆದಿತ್ತು.

ಆ ಹೈಸ್ಕೂಲಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಣೆಕಟ್ಟುಗಳೇ ಐದಾರು, ನೀರು ಬಿಟ್ಟರೆ ಬಲ್ಬು ಹೊತ್ತಿಕೊಳ್ಳುವಂಥವು. ಗಾಳಿಯಂತ್ರ, ಪೆರಿಸ್ಕೋಪು, ಬೆಳ್ಳಿ ಕಾಗದ ಸುತ್ತಿದ ರಾಕೆಟ್ಟು. ಮೂಲೆಯಲ್ಲೊಂದು ಜ್ವಾಲಾಮುಖಿ ಹೊಗೆ ಕಾರುತ್ತಿತ್ತು, ಅರ್ಧ ಊರು ಅಲ್ಲೇ. ನಮ್ಮ ಹುಡುಗಿಯ ಮೇಜಿನ ಮೇಲೆ ಐದು ಲೋಟ ಹುಳಿ ಹಿಟ್ಟು, ಒಂದು ಚಾರ್ಟು, ಎರಡು ನೊಣ. ಹುಡುಗರು ಮೂಗು ಮುಚ್ಚಿಕೊಂಡು 'ಹೋಟೆಲ್ ಬಂತು, ಹೋಟೆಲ್ ಬಂತು' ಅಂತ ಹೋಗುತ್ತಿದ್ದರು. ಗಂಗಾವತಿಯ ಸೋದರಿ, ನಿಮ್ಮ ಹುಡುಗಿಯನ್ನು ನೋಡಿ ನಗುತ್ತಾರೆಯೇ ಎಂದು ಕೇಳಿದಿರಿ. ನಗುತ್ತಾರೆ. ನಮ್ಮವಳ ಕಿವಿ ಕೆಂಪಾಗಿತ್ತು, ಆದರೆ ನಿಂತ ಜಾಗ ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ತಮಾಷೆ ನಡೆಯಿತು. ಶಾಲೆಯ ಆಯಾ ಒಬ್ಬಳು ಬಂದು ನಿಂತಳು. ಆಮೇಲೆ ಬೇರೆ ಮಕ್ಕಳ ಜೊತೆ ಬಂದಿದ್ದ ತಾಯಂದಿರು ಒಬ್ಬೊಬ್ಬರಾಗಿ ಬಂದರು. ನೋಡನೋಡುತ್ತ ನಮ್ಮ ಮೇಜಿನ ಸುತ್ತ ಹೆಂಗಸರ ಗುಂಪು! ಅಕ್ಕಿ ಡಬ್ಬದೊಳಗೆ ಇಟ್ಟರೆ ಇಷ್ಟು ಬರುತ್ತಾ? ಬರೀ ಅಕ್ಕಿ ಯಾಕೆ ಬರಲಿಲ್ಲ? ಮೆಂತ್ಯ ಹಾಕಿದ್ರೆ? ಉಪ್ಪು ಮೊದಲೇ ಹಾಕಬೇಕಾ, ಆಮೇಲಾ? ನಮ್ಮವಳು ಗೊತ್ತಿದ್ದದ್ದಕ್ಕೆ ಉತ್ತರ ಕೊಡುತ್ತಿದ್ದಳು. ಉಳಿದದ್ದಕ್ಕೆ 'ಅದನ್ನ ಮಾಡಿ ನೋಡಿಲ್ಲ ಅಮ್ಮಾ' ಅನ್ನುತ್ತಿದ್ದಳು. ಮೆಂತ್ಯದ ವಿಷಯ ನಮ್ಮತ್ತೆ ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠ, ಆದರೂ ಮಾಡಿ ನೋಡಿಲ್ಲ ಅಂತಲೇ ಅಂದಳು. ಇವಳು ಇಷ್ಟು ಕಟ್ಟುನಿಟ್ಟು ಯಾವಾಗ ಕಲಿತಳು ಎಂದು ನಾನು ಬೆರಗಾದೆ.

ತೀರ್ಪುಗಾರರು ಮೂವರು. ಇಬ್ಬರು ಒಂದು ಕಣ್ಣು ಹಾಯಿಸಿ ಮುಂದೆ ನಡೆದರು. ಮೂರನೆಯವರು ವಯಸ್ಸಾದವರು, ಕಾಲೇಜಿನ ಉಪನ್ಯಾಸಕರಂತೆ, ನಿಂತರು. ಬರೀ ಅಕ್ಕಿ ಯಾಕೆ ಉಬ್ಬಲಿಲ್ಲ ಎಂದು ಕೇಳಿದರು. 'ಬೇಳೆಯಲ್ಲಿ ಏನೋ ಇರಬೇಕು ಸಾರ್. ಸೂಕ್ಷ್ಮಜೀವಿ ಅಂತ ಮೇಷ್ಟ್ರು ಹೇಳಿದ್ರು. ನಾನು ಕಣ್ಣಾರೆ ನೋಡಿಲ್ಲ.'

ಅವರ ಬೆರಳು ಚಾರ್ಟಿನ ಮೇಲೆ ಇಳಿಯುತ್ತಾ ಬಂತು. 8.4ರ ಹತ್ತಿರ ನಿಂತಿತು.

'ಇದೇನಮ್ಮ?'

'ಗೊತ್ತಿಲ್ಲ ಸಾರ್. ಕಾರಣ ಸಿಗಲಿಲ್ಲ. ಇನ್ನೊಂದು ಸಲ ಮಾಡೋಕೆ ಬೇಳೆ ಇರಲಿಲ್ಲ.'

'ಎಲ್ಲಾದ್ರೂ ಬಿಸಿ ತಾಗಿರಬಹುದಾ?'

'ಲೋಟ ಅಲ್ಲೇ ಇತ್ತು ಸಾರ್, ಬೆಳಿಗ್ಗೆ ನಾನೇ ನೋಡ್ದೆ.'

'ರಾತ್ರಿ?'

'ರಾತ್ರಿ ನಾನು ಮಲಗಿದ್ದೆ ಸಾರ್.'

ನಾನು ಮೂರು ಹೆಜ್ಜೆ ಹಿಂದೆ ನಿಂತಿದ್ದೆ. ನಾಲಿಗೆ ಒಣಗಿಹೋಯಿತು. ಅವರು 'ಹೂಂ' ಎಂದು ಏನೋ ಬರೆದುಕೊಂಡರು. ಹೋಗುವಾಗ, 'ಬಿಡದೇ ಬರೆದಿದ್ದೀಯಲ್ಲ, ಒಳ್ಳೇದಾಯ್ತು' ಅಂದರು.

ಬಹುಮಾನ ಬರಲಿಲ್ಲ. ಮೊದಲನೆಯದು ಒಂದು ಅಣೆಕಟ್ಟಿಗೆ ಹೋಯಿತು. ಅದರ ವೈರುಗಳು ಕಿತ್ತು ಬಂದಾಗ ಸರಿಮಾಡಲು ಹುಡುಗನಿಗೆ ತಿಳಿಯದೆ ಅವರಪ್ಪ ಓಡಿಬಂದದ್ದನ್ನು ನಾವೆಲ್ಲ ನೋಡಿದ್ದೆವು. ಇರಲಿ, ನಾನು ಯಾವ ಬಾಯಿಂದ ಅವರನ್ನು ಅನ್ನಲಿ! ನಮ್ಮವಳಿಗೆ ಭಾಗವಹಿಸಿದ್ದಕ್ಕೆ ಒಂದು ಪ್ರಮಾಣಪತ್ರ ಕೊಟ್ಟರು.

ಸಂಜೆ ಬಸ್ಸಿನಲ್ಲಿ ಮೇಷ್ಟ್ರು ಮುಂದೆ ಕೂತು ತೂಕಡಿಸುತ್ತಿದ್ದರು. ಮಗಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಬಾಳ್ಳುಪೇಟೆ ದಾಟುವಾಗ ಇದ್ದಕ್ಕಿದ್ದಂತೆ, 'ಆ 8.4 ಇಲ್ದೇ ಇದ್ದಿದ್ರೆ ಬರ್ತಿತ್ತೇನೋ ಅಮ್ಮಾ. ನಾನೇ ಎಲ್ಲೋ ತಪ್ಪು ಮಾಡಿದೀನಿ' ಅಂದಳು.

ತಪ್ಪು ತನ್ನದು ಎಂದು ಅವಳು ಅಂದದ್ದು ನನ್ನಿಂದ ತಡೆಯಲಾಗಲಿಲ್ಲ. ಹೇಳಿಬಿಟ್ಟೆ, ಎಲ್ಲವನ್ನೂ.

ಅತ್ತುಬಿಡುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಕೂಗಾಡುತ್ತಾಳೆ ಎಂದುಕೊಂಡೆ, ಅದೂ ಇಲ್ಲ. ನನ್ನ ಕಡೆ ತಿರುಗಲೇ ಇಲ್ಲ. ಬಹಳ ಹೊತ್ತಾದ ಮೇಲೆ ಚೀಲದಿಂದ ನೋಟ್‌ಬುಕ್ಕು ತೆಗೆದಳು.

'ಎಷ್ಟು ಹೊತ್ತಿಗೆ ಇಟ್ಟೆ?'

'ಹತ್ತೂವರೆ.'

'ತೆಗೆದದ್ದು?'

'ಐದಕ್ಕೆ.'

'ಒಲೆಯ ಹತ್ತಿರ ನನ್ನ ಲೋಟ ಇತ್ತಲ್ಲ, ಅದರ ಪಕ್ಕಾನೇ?'

'ಪಕ್ಕಾನೇ.'

ಬಸ್ಸಿನ ಕುಲುಕಾಟದಲ್ಲಿ ಬರೆದ ಆ ಸಾಲು ವಂಕಿವಂಕಿಯಾಗಿದೆ. 'ಮೂರನೇ ರಾತ್ರಿ ಅಮ್ಮನ ಲೋಟ ಆರೂವರೆ ಗಂಟೆ ಒಲೆಯ ಹತ್ತಿರ ಇತ್ತು. ಅಮ್ಮ ಇಟ್ಟದ್ದು.' ಬರೆದು ಮುಗಿಸಿ, 'ಹಾಗಾದ್ರೆ ಸರಿಯಾಗಿದೆ' ಅಂದಳು. ಅಂಕಿ ಸರಿಯಾಗಿದೆ ಎಂದು. ನನ್ನ ವಿಷಯ ಏನೂ ಅನ್ನಲಿಲ್ಲ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಜಡೆ ಹಾಕಿಸಿಕೊಳ್ಳಲು ಬಂದು ಕೂತಳು.

ಅಜ್ಜಿಗೆ ಮಾತ್ರ ಆ ರಾತ್ರಿಯೇ ಹೇಳಿದಳು, ಎಲ್ಲರ ಎದುರಿಗೆ, ನೋಟ್‌ಬುಕ್ಕು ತೆರೆದು ಓದಿಯೇ. ನಾನು ತಲೆ ಎತ್ತಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಂದ್ರೆ ಒಲೆ ಹತ್ತಿರ ಇಟ್ರೆ ಇವಳ ಕೈದೂ ಉಬ್ಬುತ್ತೆ ಅನ್ನು' ಅಂದರು. 'ಇಬ್ಬರದೂ ಒಂದೇ ಅಜ್ಜಿ' ಅಂದಳು ಮಗಳು. ಮಾರನೆಯ ರಾತ್ರಿ ನಾನು ಹಿಟ್ಟು ರುಬ್ಬಿ ಏಳುವಷ್ಟರಲ್ಲಿ ಅತ್ತೆಯೇ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಒಲೆಯ ಕಟ್ಟೆಯ ಮೇಲಿಟ್ಟು ಗೋಣಿತಟ್ಟು ಹೊದಿಸಿದ್ದರು. ಇಡ್ಲಿಯ ವಿಷಯದಲ್ಲಿ ಕೈಗುಣದ ಮಾತು ಆಮೇಲೆ ನಮ್ಮ ಅಡಿಗೆಮನೆಯಲ್ಲಿ ಕೇಳಲಿಲ್ಲ. ಉಪ್ಪಿನಕಾಯಿಯ ವಿಷಯದಲ್ಲಿ ಮಾತ್ರ ಕೊನೆಯವರೆಗೂ ಬಿಡಲಿಲ್ಲ, ಪುಣ್ಯಾತ್ಗಿತ್ತಿ.

ಹುಡುಗಿಗೆ ಕಣ್ಣಾರೆ ನೋಡಲಾಗದ ಆ 'ಏನೋ' ಏನೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಮೇಳಕ್ಕೆ ಇಪ್ಪತ್ತೊಂದು ವರ್ಷ ಮೊದಲೇ, 1965ರಲ್ಲಿ, ಅಮೆರಿಕದಲ್ಲಿ ಮುಖರ್ಜಿ, ಸ್ಟೈನ್‌ಕ್ರಾಸ್ ಮೊದಲಾದ ವಿಜ್ಞಾನಿಗಳು ನಮ್ಮ ಇಡ್ಲಿ ಹಿಟ್ಟನ್ನೇ ಇಟ್ಟುಕೊಂಡು ಪರೀಕ್ಷೆ ಮಾಡಿ ಪ್ರಕಟಿಸಿದ್ದರು. ಹಿಟ್ಟು ಉಬ್ಬಿಸುವುದರಲ್ಲಿ ಮುಖ್ಯ ಪಾತ್ರ ಲ್ಯೂಕೊನೋಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯದ್ದು. ನಾಲಿಗೆ ತಿರುಗದಿದ್ದರೆ ಬಿಡಿ. ಉದ್ದಿನಬೇಳೆಯ ಜೊತೆಗೇ ಅದು ನಮ್ಮ ಮನೆಗೆ ಬರುತ್ತದೆ. ಬೆಚ್ಚಗಿದ್ದರೆ ಬೇಗ ಬೇಗ ಬೆಳೆದು ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತದೆ, ಹುಳಿಯನ್ನೂ ಮಾಡುತ್ತದೆ. ಬೇಳೆಯ ಲೋಳೆ ಆ ಗುಳ್ಳೆಗಳನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಬರೀ ಅಕ್ಕಿಗೆ ಆ ಹಿಡಿತ ಇಲ್ಲ. ಚಳಿಯಲ್ಲಿ ಈ ಜೀವಿಯೂ ನಮ್ಮ ಹಾಗೇ ಮುದುಡಿಕೊಳ್ಳುತ್ತದೆ. ದಾವಣಗೆರೆಯಲ್ಲಿ ನನಗಿದ್ದ ಕೈಗುಣ ಸಕಲೇಶಪುರದಲ್ಲಿ ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಅಷ್ಟೆ. ಇನ್ನೊಂದು ವಿಷಯ: ಆಹಾರ ಚರಿತ್ರೆ ಬರೆದ ನಮ್ಮ ಕೊಳ್ಳೇಗಾಲದ ಕೆ. ಟಿ. ಆಚಾಯ ಅವರು, ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ, ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಅದನ್ನು ಮಾಡುವ ರೀತಿಯಿದೆ ಎಂದು ತೋರಿಸಿಕೊಟ್ಟಿದ್ದಾರೆ. ಅಲ್ಲಿ ಬರೀ ಉದ್ದು. ಅಕ್ಕಿಯ ಮಾತೇ ಇಲ್ಲ.

ಇನ್ನು ಗಂಗಾವತಿಯ ಸೋದರಿಗೆ. ಚೀಟಿ ದುಡ್ಡು ಮುಟ್ಟಬೇಡಿ. ನಿಮ್ಮ ಮಗಳ ಮಡಕೆ ಚಿಕ್ಕ ವಿಷಯವಲ್ಲ. ಮಡಕೆಯ ಮೈಯಿಂದ ಜಿನುಗಿದ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು; ಅದರ ಬಹುಪಾಲನ್ನು ಅದು ಒಳಗಿನ ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ನಿಮ್ಮ ಕಡೆಯ ಒಣಹವೆಯಲ್ಲಿ ಚೆನ್ನಾಗಿ ತಣಿಯುವ ಮಡಕೆ ಮಂಗಳೂರಿನ ಸೆಕೆಯಲ್ಲಿ ಅಷ್ಟು ತಣಿಯುವುದಿಲ್ಲ. ಅಂಕಿಗಳು ಚೆನ್ನಾಗಿಲ್ಲ ಎಂದಿರಿ. ಮೋಡ ಮುಸುಕಿದ ದಿನ ಅಳೆದಳೋ, ಹಳೇ ಮಡಕೆಯ ರಂಧ್ರ ಮುಚ್ಚಿಹೋಗಿದೆಯೋ, ಮೂರರಲ್ಲೂ ನೀರು ಒಂದೇ ಅಳತೆ ಇತ್ತೋ, ಅವಳನ್ನೇ ಕೇಳಿ. ಅಡಿಗೆಮನೆಯ ತಕ್ಕಡಿ ಇದ್ದರೆ ಕೊಡಿ, ಸಂಜೆಗೆ ಮಡಕೆ ಎಷ್ಟು ಗ್ರಾಂ ಹಗುರಾಯಿತು ಎಂದು ತೂಗಿಕೊಳ್ಳಲಿ. ನೀವು ಮಾಡಬಹುದಾದದ್ದು ಅಷ್ಟೇ: ಪಾತ್ರೆ ಕೊಡಿ, ಜಾಗ ಕೊಡಿ, ರಾತ್ರಿ ಮಡಕೆಯನ್ನು ಮುಟ್ಟಬೇಡಿ. ಚಾರ್ಟು ಅವಳ ಅಕ್ಷರದಲ್ಲೇ ಇರಲಿ, ಸೊಟ್ಟಗಿದ್ದರೂ ಪರವಾಗಿಲ್ಲ. ತೀರ್ಪುಗಾರರು ಎರಡು ಪ್ರಶ್ನೆ ಕೇಳಿದರೆ ಯಾರು ಬರೆದದ್ದು ಎಂದು ತಿಳಿಯುತ್ತದೆ.

ಮೇಳ ಇದೊಂದೇ ಅಲ್ಲ, ಮಗಳಿಗೆ ಹೇಳಿ. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಾದರಿಗಿಂತ ಊರಿನ ಒಂದು ಸಮಸ್ಯೆಯನ್ನು ಹಿಡಿದು ಮಾಡಿದ ಅಧ್ಯಯನಕ್ಕೇ ಬೆಲೆ. ದಿನದಿನದ ದಾಖಲೆ ಪುಸ್ತಕವನ್ನೂ ನೋಡುತ್ತಾರೆ. ಇನ್‌ಸ್ಪೈರ್ ಮಾನಕ್ ಎಂಬ ಯೋಜನೆಯಲ್ಲಿ ಆರನೆಯ ತರಗತಿಯಿಂದ ಮೇಲಿನ ಮಕ್ಕಳ ಆಲೋಚನೆ ಆಯ್ಕೆಯಾದರೆ 10,000 ರೂಪಾಯಿ ಮಗುವಿನ ಬ್ಯಾಂಕ್ ಖಾತೆಗೇ ಬರುತ್ತದೆ. ಹೆಸರು ಕಳಿಸಬೇಕಾದದ್ದು ಶಾಲೆಯವರು. ಆದ್ದರಿಂದ ಮುಖ್ಯೋಪಾಧ್ಯಾಯರನ್ನು ನೀವೇ ಹೋಗಿ ಕೇಳಿ, ಸಂಕೋಚ ಬೇಡ.

ನನ್ನ ಮಗಳು ವಿಜ್ಞಾನಿಯಾದಳೇ ಎಂದು ಕೇಳುತ್ತೀರಿ. ಇಲ್ಲ. ಲೆಕ್ಕಪತ್ರ ತನಿಖೆಯ ಕೆಲಸಕ್ಕೆ ಸೇರಿದಳು. ಎಲ್ಲೆಲ್ಲಿ ಅಂಕಿ ಹೊಂದುವುದಿಲ್ಲವೋ ಅಲ್ಲಿ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾಳಂತೆ. ನಮ್ಮ ಮನೆಗೆ ಬಂದರೆ ನನ್ನ ಹಾಲಿನ ಲೆಕ್ಕದ ಮೇಲೂ!

ಉಪ್ಪಿನ ವಿಷಯ. ನಾನು ಚಳಿಗಾಲದಲ್ಲಿ ಬೆಳಿಗ್ಗೆ ಹಿಟ್ಟು ಉಬ್ಬಿದ ಮೇಲೆಯೇ ಉಪ್ಪು ಹಾಕುವುದು, ಬೇಸಿಗೆಯಲ್ಲಿ ರಾತ್ರಿಯೇ ಹಾಕಿಬಿಡುತ್ತೇನೆ, ತೀರ ಹುಳಿಯಾಗಬಾರದೆಂದು. ಆದರೆ ನಮ್ಮ ಒಲೆ ಬೇರೆ, ನಿಮ್ಮದು ಬೇರೆ. ಎರಡು ಗಾಜಿನ ಲೋಟ ತೆಗೆದುಕೊಳ್ಳಿ, ಒಂದಕ್ಕೆ ಈಗಲೇ ಉಪ್ಪು, ಇನ್ನೊಂದಕ್ಕೆ ಬೇಡ. ಅಕ್ಕಪಕ್ಕ ಇಟ್ಟು ಮಲಗಿ. ಬೆಳಿಗ್ಗೆ ಮಗಳ ಕೈಲಿ ಅಳತೆ ಮಾಡಿಸಿ ನನಗೊಂದು ಕಾರ್ಡು ಹಾಕಿ.